ಎಪ್ಪಿಂಗ್‌ನಲ್ಲಿ ಚಂದ್ರೋದಯ

ಕಾಲಗಣನೆಯಲ್ಲಿ ನಾನು ಸ್ವಲ್ಪ ಮಂದ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇವತ್ತು ಯಾವ ತಾರೀಖು ಎಂದು ಕೇಳಿದರೆ ಫೋನ್ ತೆಗೆಯುತ್ತೇನೆ, ಯಾವ ತಿಥಿ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತೇನೆ. ಆದರೆ ಯಾವ ಪಕ್ಷ ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತೇನೆ. ಇದು ಸಿಡ್ನಿಗೆ ಬಂದ ಮೇಲೆ ಕಲಿತ ವಿದ್ಯೆ. ಈ ದೇಶದವರು ಪಂಚಾಂಗದ ಹೆಸರೇ ಕೇಳದವರಾದರೂ ಬಾಳುವುದೆಲ್ಲ ಪಕ್ಷದ ಲೆಕ್ಕದಲ್ಲೇ. ಸಂಬಳ ಪಕ್ಷಕ್ಕೊಮ್ಮೆ, ರೆಂಟ್ ಪಕ್ಷಕ್ಕೊಮ್ಮೆ, ಕಸವೂ ಪಕ್ಷಕ್ಕೊಮ್ಮೆ. ಕೆಂಪು ಮುಚ್ಚಳದ ಡಬ್ಬಿಯನ್ನು ವಾರವಾರ ಒಯ್ಯುತ್ತಾರೆ. ಹಳದಿ ಮುಚ್ಚಳದ್ದು ಒಂದು ವಾರ, ಹಸಿರು ಮುಚ್ಚಳದ್ದು ಮರುವಾರ. ನನ್ನ ಮಟ್ಟಿಗೆ ಹಳದಿ ಹೊರಗೆ ಬಂದರೆ ಶುಕ್ಲ, ಹಸಿರು ಬಂದರೆ ಕೃಷ್ಣ. ತಪ್ಪಿ ಹೋದರೆ ಎದುರು ಮನೆಯ ಗ್ರೀಕ್ ಅಜ್ಜಿ ಕಿಟಕಿಯಿಂದಲೇ ಬೆರಳಾಡಿಸಿ ತಿದ್ದುತ್ತಾಳೆ.

ಆಕಾಶದ ಚಂದ್ರನನ್ನು ನೋಡಿ ಪಕ್ಷ ಹೇಳುವುದೂ ನನಗೆ ಬರುತ್ತಿತ್ತು, ತುಮಕೂರಿನಲ್ಲಿದ್ದಾಗ. ಬಲಗಡೆ ಬೆಳಗಿದ್ದರೆ ಬೆಳೆಯುವ ಚಂದ್ರ, ಎಡಗಡೆ ಬೆಳಗಿದ್ದರೆ ಸವೆಯುವ ಚಂದ್ರ ಎಂದು ನಮ್ಮಪ್ಪ ಹೇಳಿಕೊಟ್ಟಿದ್ದರು. ಸಿಡ್ನಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರ ಅಕ್ಕಿ ಮೂಟೆ ಹೊತ್ತು ಬರುತ್ತಾ ಅರ್ಧ ಚಂದ್ರನನ್ನು ಕಂಡು, "ನೋಡು ಸುಧಾ, ಕೃಷ್ಣಪಕ್ಷ. ಇನ್ನೊಂದು ವಾರಕ್ಕೆ ಅಮಾವಾಸ್ಯೆ" ಎಂದು ಹೆಂಡತಿಗೆ ಪಾಠ ಹೇಳಿದೆ. ವಾರ ಕಳೆಯುವಷ್ಟರಲ್ಲಿ ಚಂದ್ರ ಒಳ್ಳೆ ಗುಂಡಗೆ ಕೊಬ್ಬಿ, ಅಡುಗೆಮನೆಯ ಕಿಟಕಿಗೆ ಬಂದು ನಿಂತ. ಭೂಮಿಯ ಈ ಬದಿಯಲ್ಲಿ ಅವನು ತಲೆಕೆಳಗಾಗಿ ಕಾಣುತ್ತಾನಂತೆ. ಹುಬ್ಬಳ್ಳಿಯವಳಾದ ಸುಧಾ ಸಮಾಧಾನವಾಗಿ, "ಚಂದ್ರ ಸಂಜೀಗೇ ಮ್ಯಾಲೆ ಇದ್ದಾನಂದ್ರ ಬೆಳಿಯಾಂವ ಅಂತ ನಾ ಸಣ್ಣಾಕಿ ಇದ್ದಾಗ್ಲೇ ನಮ್ಮವ್ವ ಹೇಳಿಕೊಟ್ಟಿದ್ಲು" ಎಂದಳು. ಅಂದಿನಿಂದ ಚಂದ್ರನ ಖಾತೆ ನನ್ನ ಕೈ ತಪ್ಪಿ, ಕಸದ ಖಾತೆ ಮಾತ್ರ ಉಳಿದಿದೆ.

ಈ ಅವ್ವ, ಅಂದರೆ ನನ್ನ ಅತ್ತೆ, ಸದ್ಯ ಮೆಲ್ಬರ್ನ್‌ನಲ್ಲಿದ್ದಾರೆ. ಡ್ಯಾಂಡಿನಾಂಗ್‌ನಲ್ಲಿರುವ ಕಿರಿಯ ಮಗಳು ವೀಣಾಳ ಮನೆಯಲ್ಲಿ. ಈ ದೇಶದಲ್ಲಿ ಕಾಯಂ ಉಳಿಯಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆಯೋ ತಿಳಿಯದೆ ನಾನು ದಿನಕ್ಕೆರಡು ಸಲ ಇಮೇಲ್ ನೋಡುತ್ತಿದ್ದಾಗ ಅತ್ತೆ ಒಂದು ಹರಕೆ ಹೊತ್ತರು. ಅಳಿಯನಿಗೆ ಪಿಆರ್ ಬರುವ ತನಕ ಪ್ರತಿ ಸಂಕಷ್ಟಿಗೆ ಉಪವಾಸ, ಚಂದ್ರನನ್ನು ನೋಡಿ, ಅರ್ಘ್ಯ ಕೊಟ್ಟು ಆಮೇಲೆ ಊಟ. ನಾನು ದೇವರ ವಿಷಯದಲ್ಲಿ ಅಷ್ಟೇನೂ ಗಟ್ಟಿಗನಲ್ಲ. ಆದರೂ ಇಮಿಗ್ರೇಷನ್ ಮತ್ತು ಗಣಪತಿ ಇಬ್ಬರಲ್ಲಿ ಯಾರು ಬೇಗ ಕರಗಬಹುದು ಎಂದು ಯೋಚಿಸಿ ಸುಮ್ಮನಾದೆ.

ಹರಕೆಗೆ ಅಡ್ಡ ಬಂದದ್ದು ಮೆಲ್ಬರ್ನ್ ಚಳಿಗಾಲ. ಆ ಊರಿನ ಮೋಡ ಒಮ್ಮೆ ಕೂತರೆ ಬಾಡಿಗೆ ಕೊಡದ ನೆಂಟನ ಹಾಗೆ ಏಳುವುದೇ ಇಲ್ಲ. ಒಂದು ಸಂಕಷ್ಟಿಗೆ ಚಂದ್ರ ಕಾಣಲೇ ಇಲ್ಲ. ಅತ್ತೆ ಊಟವಿಲ್ಲದೆ ಮಲಗಿ, ಮರುದಿನ ಡ್ಯಾಂಡಿನಾಂಗ್ ಮಾರ್ಕೆಟ್ಟಿನಲ್ಲಿ ಮೆಂತ್ಯದ ಕಟ್ಟು ಹಿಡಿದುಕೊಂಡೇ ತಲೆ ತಿರುಗಿ ಕುಸಿದು ಕೂತರು. ಅವರಿಗೆ ಶುಗರ್ ಬೇರೆ ಇದೆ. ಡಾಕ್ಟರು ಗದರಿದರು, ವೀಣಾ ಅತ್ತಳು. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಟೈಮ್ ಕೊಟ್ಟಿರುತ್ತಾರೆ, ಆ ಟೈಮ್ ದಾಟಿದ ಮೇಲೆ ಊಟ ಮಾಡಿದರಾಯಿತು ಎಂದು ನಾನೂ ಫೋನಿನಲ್ಲಿ ಹೇಳಿ ನೋಡಿದೆ.

"ಟೈಮ್ ನೋಡಿ ಉಣ್ಣಲಿಕ್ಕೆ ಅಂವೇನು ಟ್ರೇನ್ ಏನ್ರಿ?" ಎಂದರು ಅತ್ತೆ. "ಕಣ್ಣಿಲೆ ನೋಡಬೇಕು."

ಅಕ್ಕತಂಗಿಯರು ಸೇರಿ ಉಪಾಯ ಹುಡುಕಿದರು. ಸಿಡ್ನಿಯಲ್ಲಿ ಚಂದ್ರ ಮೆಲ್ಬರ್ನಿಗಿಂತ ಸ್ವಲ್ಪ ಮೊದಲೇ ಹುಟ್ಟುತ್ತಾನೆ, ಮೋಡವೂ ಕಡಿಮೆ. ಸಿಡ್ನಿಯ ಚಂದ್ರನನ್ನು ವಿಡಿಯೋ ಕಾಲಿನಲ್ಲಿ ತೋರಿಸಿದರೆ ಅವ್ವ ಅವನನ್ನೇ ನೋಡಿ ಊಟ ಮಾಡಬಹುದು. ಕಣ್ಣಿಂದಲೇ ನೋಡಿದಂತಾಯಿತಲ್ಲ. ಅತ್ತೆ ಮೊದಲು ಒಪ್ಪಲಿಲ್ಲ. ವೀಣಾ ಮತ್ತೆ ಅಳುವ ಲಕ್ಷಣ ಕಂಡಾಗ, "ಆತು, ತೋರಸ್ರಿ ನೋಡೋಣಂತ" ಎಂದರು. ತೋರಿಸುವ ಕೆಲಸ ನನ್ನ ತಲೆಗೆ ಬಂತು. ಅದರ ಜೊತೆಗೆ ಸುಧಾ ಇನ್ನೊಂದು ಬಾಲಂಗೋಚಿ ಸೇರಿಸಿದಳು.

"ನಮ್ಮವ್ವ ಯಾರ ಸಲುವಾಗಿ ಉಪಾಸ ಇರ್ತಾಳ? ನೀವು ಅವತ್ತು ಮಧ್ಯಾಹ್ನ ಆಫೀಸಿನ್ಯಾಗ ಬರ್ಗರ್ ತಿಂದು ಬಂದು ಚಂದ್ರನ್ನ ತೋರಸ್ತೀರೇನು? ನೀವೂ ಉಪಾಸ ಇರ್ರಿ."

ಇದ್ದೆ. ಆ ದಿನ ಆಫೀಸಿನಲ್ಲಿ ಯಾರದೋ ಬರ್ತ್‌ಡೇ ಕೇಕ್ ನನ್ನ ಮೇಜಿನ ಮುಂದೆಯೇ ಹಾದು ಹೋಯಿತು. ನನ್ನ ಮ್ಯಾನೇಜರ್ ಏನು ಡಯಟ್ ಎಂದು ಕೇಳಿದ. ಚಂದ್ರ ಹುಟ್ಟಿದ ಮೇಲೆ ತಿನ್ನುತ್ತೇನೆ ಎಂದೆ. ಅವನು ಬಹಳ ಗೌರವದಿಂದ ತಲೆಯಾಡಿಸಿ, ಅವತ್ತಿನ ಮೀಟಿಂಗ್ ಒಂದನ್ನು ರದ್ದು ಮಾಡಿದ. ಉಪವಾಸದಿಂದ ಸದ್ಯಕ್ಕೆ ಸಿಕ್ಕ ಫಲ ಅದೊಂದೇ.

ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ನಮ್ಮ ಮನೆಯ ಬಾಲ್ಕನಿ ಪಶ್ಚಿಮಕ್ಕೆ ಮುಖ ಮಾಡಿದೆ, ಚಂದ್ರ ಆ ಕಡೆ ಹುಟ್ಟುವ ಪೈಕಿ ಅಲ್ಲ. ಹಾಗಾಗಿ ಟೈಮ್ ಆದ ಮೇಲೆ ಜಾಕೆಟ್ ಹಾಕಿಕೊಂಡು ಬೀದಿಗಿಳಿದೆ. ಸುತ್ತ ಎತ್ತ ನೋಡಿದರೂ ಅಪಾರ್ಟ್‌ಮೆಂಟು. ಚಂದ್ರ ಇವನ್ನೆಲ್ಲ ಹತ್ತಿ ಮೇಲೆ ಬರಬೇಕಾದರೆ ಅವನಿಗೂ ಲಿಫ್ಟ್ ಬೇಕು. ಚಳಿಗೆ ಕಿವಿ ಮರಗಟ್ಟಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ಮೇಲಿನಿಂದ ಸುಧಾ ಕರಿಯುತ್ತಿದ್ದ ಕಡುಬಿನ ವಾಸನೆ ಬೇರೆ ಬರುತ್ತಿತ್ತು. ಫೋನಿನಲ್ಲಿ ಅತ್ತೆ ಕೈಯಲ್ಲಿ ತಂಬಿಗೆ ಹಿಡಿದು ವೀಣಾಳ ಬಾಲ್ಕನಿಯಲ್ಲಿ ನಿಂತಿದ್ದರು. "ಕಂಡ ಏನ್ರಿ?" ಎಂದು ಆಗಾಗ ಕೇಳುತ್ತಿದ್ದರು. ಇಲ್ಲ ಎಂದು ಹೇಳಿ ಹೇಳಿ ನನಗೇ ಅವರ ಬಗ್ಗೆ ಮರುಕ ಹುಟ್ಟಿತು. ಇವರು ಮತ್ತೆ ಬಿದ್ದರೆ ಏನು ಗತಿ ಎಂದು ನಿಜವಾಗಿಯೂ ಹೆದರಿದೆ.

ಆಗ ಕಂಡ. ಎರಡು ಕಟ್ಟಡಗಳ ನಡುವೆ, ಮಂಜಿನ ಆಚೆ, ಬೆಳ್ಳಗೆ, ದುಂಡಗೆ. ನಾನು ಕನ್ನಡಕವನ್ನು ಊಟದ ಮೇಜಿನ ಮೇಲೆ ಬಿಟ್ಟು ಬಂದಿದ್ದೆ ಎಂಬುದನ್ನು ಇಲ್ಲಿ ಹೇಳಬೇಕು. "ಬಂದ ಅತ್ತೆ, ನೋಡಿ, ನೋಡಿ" ಎಂದು ಫೋನನ್ನು ಎತ್ತಿ ಹಿಡಿದೆ. ಅತ್ತೆ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಆಮೇಲೆ, "ನಿಮಗ ಭಾಳ ಥಂಡಿ ಆಗ್ಯದ ಏನ್ರಿ? ಹಸಿವ್ಯಾಗಿರಬೇಕು" ಎಂದು ಕೇಳಿದರು. ಆಗಿದೆ ಎಂದೆ. "ಆತ್ರಿ, ನೋಡಿದೆ. ಹೋಗಿ ಉಣ್ರಿ" ಎಂದು ಕೈ ಮುಗಿದು ಫೋನ್ ಇಟ್ಟರು. ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಕಡುಬಿಗೆ ತುಪ್ಪ ಸುರಿದುಕೊಂಡು ಹೊಟ್ಟೆ ಬಿರಿಯುವಂತೆ ಉಂಡೆ.

ಉಂಡ ಮೇಲೆ ಕಸದ ನೆನಪಾಯಿತು. ಹಸಿರು ಡಬ್ಬಿಯ ವಾರ. ಈ ಸಲ ಕನ್ನಡಕ ಹಾಕಿಕೊಂಡು ಕೆಳಗಿಳಿದೆ. ಡಬ್ಬಿಯನ್ನು ಎಳೆದು ರಸ್ತೆಯಂಚಿಗೆ ನಿಲ್ಲಿಸಿ ತಲೆ ಎತ್ತಿದರೆ, ನಾನು ತೋರಿಸಿದ ಚಂದ್ರ ಇದ್ದಲ್ಲೇ ಇದ್ದ, ಒಂದಿಂಚೂ ಮೇಲೇರಿರಲಿಲ್ಲ. ಅವನ ಕೆಳಗೆ ಉದ್ದನೆಯ ಕಬ್ಬಿಣದ ಕಂಬವಿತ್ತು. ಹೊಸ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಕ್ರೇನಿನ ದೀಪ ಅದು. ಅದಕ್ಕಿಂತ ಬಹಳ ಬಲಕ್ಕೆ, ಗ್ರೀಕ್ ಅಜ್ಜಿಯ ಮನೆಯ ಮಾಡಿನ ಮೇಲೆ, ಒಂದು ಬದಿ ಸ್ವಲ್ಪ ಸವೆದ ನಿಜವಾದ ಚಂದ್ರ ಆಗ ತಾನೇ ನಿಧಾನವಾಗಿ ಏಳುತ್ತಿದ್ದ.

ಅಷ್ಟು ತಿಂಗಳಿಂದ ಶುಗರ್ ಇಟ್ಟುಕೊಂಡು ಹಸಿದಿದ್ದ ಹೆಂಗಸಿನ ವ್ರತವನ್ನು ಕ್ರೇನಿನ ದೀಪ ತೋರಿಸಿ ಕೆಡಿಸಿಬಿಟ್ಟಿದ್ದೆ. ಹೇಳಿದರೆ ಅವರು ನೊಂದುಕೊಂಡು ಮರುದಿನವೂ ಉಪವಾಸ ಕೂರುತ್ತಾರೆ. ಹೇಳದಿದ್ದರೆ ನಾನು ನೊಂದುಕೊಳ್ಳಬೇಕು. ಎರಡನೆಯದೇ ಆರೋಗ್ಯಕ್ಕೆ ಒಳ್ಳೆಯದು ಎಂದು ತೀರ್ಮಾನಿಸಿ ಸುಧಾಳಿಗೂ ಹೇಳಲಿಲ್ಲ. ಪಿಆರ್ ಇಮೇಲ್ ನೋಡುವಾಗ ಮಾತ್ರ, ಬರದಿದ್ದರೆ ಯಾರ ತಪ್ಪು ಎಂಬುದು ಈಗ ಸ್ಪಷ್ಟವಾಗಿ ಗೊತ್ತಿರುತ್ತಿತ್ತು.

ಮುಂದಿನ ವಾರ ಅತ್ತೆ ನಮ್ಮ ಮನೆಗೆ ಬಂದರು. ಸಂಜೆ ವಾಕಿಂಗಿಗೆ ಕರೆದುಕೊಂಡು ಹೋದೆ, ಬೇಕೆಂತಲೇ ಬೇರೆ ಬೀದಿಯಿಂದ. ಆದರೆ ಕ್ರೇನ್ ಯಾವ ಬೀದಿಗೂ ಕಾಣುವಷ್ಟು ಎತ್ತರವಿತ್ತು. ಅತ್ತೆ ನಿಂತು, ಅದರ ದೀಪವನ್ನು ನೋಡಿ ಸಾವಕಾಶವಾಗಿ ಕೈ ಮುಗಿದರು.

"ನಿಮ್ಮ ಚಂದ್ರ ಇನ್ನೂ ಇಲ್ಲೇ ಅದಾನಲ್ರಿ" ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಿಮಗೆ ಗೊತ್ತಾಗಿತ್ತಾ ಅತ್ತೆ?"

"ಚಂದ್ರ ಕಂಬದ ಮ್ಯಾಲೆ ಕೂಡತಾನೇನ್ರಿ? ಫೋನಿನ್ಯಾಗ ಕಂಬ ಭೇಷ್ ಕಾಣಸ್ತಿತ್ತು."

"ಮತ್ತೆ ನೋಡಿದೆ ಅಂದ್ರಿ?"

"ದೀಪ ನೋಡಿದೆ, ನೋಡಿದೆ ಅಂದೆ. ನೀವು ಥಂಡ್ಯಾಗ ನಡಗ್ಲಿಕ್ಕೆ ಹತ್ತಿದ್ರಿ. ಇಲ್ಲ ಅಂದ್ರ ಇನ್ನೂ ನಿಂದರತಿದ್ರಿ. ಆಮ್ಯಾಲೆ ನಮ್ಮ ಕಡೆ ಮೋಡ ಸರೀತು. ಮೊಲ ತಲಿಕೆಳಗಾಗಿದ್ರೂ ಖರೇ ಚಂದ್ರ. ಅರ್ಘ್ಯ ಕೊಟ್ಟೇ ಉಂಡೆ. ನನ್ನ ಉಪಾಸಕ್ಕ ಏನೂ ಆಗಿಲ್ಲ."

ಎದೆಯ ಮೇಲಿನ ಕಲ್ಲು ಇಳಿಯಿತು. ನನಗಾಗಿ ಹಸಿದಿದ್ದವರು ನಾನು ಹಸಿದಿದ್ದೇನೆಂದು ಮರುಗಿದ್ದರು. ಕಣ್ಣು ಒದ್ದೆಯಾಗುವಷ್ಟು ಹಿತವಾಯಿತು. ಆ ಹಿತ ರಸ್ತೆಯ ತಿರುವಿನವರೆಗೂ ಉಳಿಯಲಿಲ್ಲ.

"ಕೆಟ್ಟಿದ್ದು ನಿಮ್ಮ ಉಪಾಸ ಅಷ್ಟ" ಎಂದರು ಅತ್ತೆ, ಸೆರಗು ಹೊದ್ದುಕೊಳ್ಳುತ್ತಾ. "ದೀಪ ನೋಡಿ ಉಂಡಾವ್ರು ನೀವು. ಪಿಆರೂ ನಿಮ್ಮದ. ಮುಂದಿನ ಸಂಕಷ್ಟಿಯಿಂದ ನೀವು ಮೊದಲಿಂದ ಹಿಡೀರಿ."

ಮುಂದಿನ ಸಂಕಷ್ಟಿಗೆ ಅತ್ತೆ ಡ್ಯಾಂಡಿನಾಂಗ್‌ಗೆ ಮರಳಿದ್ದರು. ನಾನು ಕನ್ನಡಕ ಹಾಕಿಕೊಂಡು ಬೀದಿಯಲ್ಲಿ ನಿಂತಿದ್ದೆ. ಸಿಡ್ನಿಯ ತುಂಬಾ ಮೋಡ, ಸಣ್ಣಗೆ ಮಳೆ. ಕ್ರೇನಿನ ದೀಪ ನಿಷ್ಠೆಯಿಂದ ಉರಿಯುತ್ತಿತ್ತು. ಫೋನ್ ಬಡಿದುಕೊಂಡಿತು. ಮೆಲ್ಬರ್ನ್‌ನಲ್ಲಿ ಆಕಾಶ ತೊಳೆದಿಟ್ಟಂತೆ ಇದೆಯಂತೆ, ಅತ್ತೆಯದು ಊಟವೂ ಆಯಿತಂತೆ.

"ಇನ್ನೂ ಕಂಡಿಲ್ಲೇನ್ರಿ?" ಎಂದರು. "ಬೇಕಂದ್ರ ನಮ್ಮ ಚಂದ್ರನ್ನ ವಿಡಿಯೋದಾಗ ತೋರಸ್ಲೇನು?"

ಬೇಡ ಅತ್ತೆ, ಫೋನಿನಲ್ಲಿ ಕಾಣುವ ಚಂದ್ರನನ್ನು ಹೇಗೆ ನಂಬುವುದು ಎಂದು ಹೇಳಿ, ಕೊಡೆ ಬಿಡಿಸಿಕೊಂಡು ಅಲ್ಲೇ ನಿಂತೆ.