ಗಸಗಸೆ ಗಾತ್ರದ ಹುಳವೂ ಎರಡು ಹೋಟೆಲುಗಳೂ

ಹುಳಗಳ ಅಧ್ಯಯನ ಮಾಡುವವರಿಗೆ ಹುಳಗಳಿಂದ ಏನೂ ತೊಂದರೆಯಿಲ್ಲ. ಪಾಪ, ಅವು ತಮ್ಮ ಪಾಡಿಗೆ ತಾವಿರುತ್ತವೆ. ನಗಿಸುವವರು, ಅಳಿಸುವವರು ಎಲ್ಲ ಸುತ್ತಲಿನ ಮನುಷ್ಯರೇ.

ನಾನು ಮುಂಬೈ ಪಕ್ಕದ ಠಾಣೆ ಊರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ, ಮನೆ ಡೊಂಬಿವಲಿಯಲ್ಲಿ. ಮೊಬೈಲಿಗೆ ಕ್ಯಾಮೆರಾ ಆಗಷ್ಟೇ ಬಂದಿದ್ದ ಕಾಲ. ನಮ್ಮ ಬೀದಿಯ ಉಡುಪಿ ಹೋಟೆಲಿನ ಹಿತ್ತಲಲ್ಲಿ, ಕೊಳೆತ ತೆಂಗಿನ ಸಿಪ್ಪೆಯ ರಾಶಿಯಲ್ಲಿ, ಗಸಗಸೆ ಕಾಳಿನಷ್ಟು ಚಿಕ್ಕ ಜೀರುಂಡೆಯೊಂದು ಸಿಕ್ಕಿತು. ಯಾವ ಪುಸ್ತಕದಲ್ಲೂ ಇಲ್ಲದ ಜಾತಿ ಎಂದು ನನ್ನ ಗುಮಾನಿ. ಆದರೆ ಸಿಕ್ಕಿದ್ದು ಹೆಣ್ಣು. ಈ ಪಂಗಡದ ಹೆಣ್ಣುಗಳೆಲ್ಲ ನೋಡಲು ಒಂದೇ ಥರ. ಗಂಡಿನ ಜನನಾಂಗದ ಆಕಾರ ನೋಡಿಯೇ ಜಾತಿ ಹೇಳಬೇಕು. ಗಂಡು ಸಿಗದಿದ್ದರೆ ನನ್ನ ಹುಳಕ್ಕೆ ಹೆಸರೂ ಇಲ್ಲ, ನನ್ನ ಸಂಶೋಧನೆಗೆ ಬೆಲೆಯೂ ಇಲ್ಲ.

ಲೋಕಲ್‌ನಲ್ಲಿ

ಸಂಜೆಯ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ, ಕಾಲೇಜಿಗೆ ಒಯ್ದಿದ್ದ ಹುಳದ ಪುಟ್ಟ ಸೀಸೆಯನ್ನು ಎದೆಗವಚಿಕೊಂಡು ಕೂತಿದ್ದೆ. ಎದುರಿನವಳು ಮೆಂತ್ಯ ಸೊಪ್ಪು ಬಿಡಿಸುತ್ತಾ, "ಔಷಧವಾ?" ಎಂದಳು. ಹುಳ ಎಂದೆ. ಸರಿ, ಸೀಸೆಯೂ ಭೂತಗನ್ನಡಿಯೂ ಕೈಯಿಂದ ಕೈಗೆ ಹೊರಟವು. ನನಗೆ ಜೀವವೇ ಬಾಯಿಗೆ ಬಂತು. ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಸೀಸೆ ತಿರುಗಿ ಬಂತು.

"ಇದನ್ನ ನೋಡೋದಕ್ಕೆ ನಿಮಗೆ ಪಗಾರ ಕೊಡ್ತಾರಾ?" ಎಂದಳು ಸೊಪ್ಪಿನವಳು.

"ಹೌದು."

ಅವಳು ಸೊಪ್ಪಿನೊಳಗಿಂದ ದಪ್ಪ ಹಸಿರು ಹುಳವೊಂದನ್ನು ಎತ್ತಿ ನನ್ನ ಮುಂದೆ ಹಿಡಿದಳು. "ತಗೊಳ್ಳಿ, ನಿಮ್ಮ ಸಾಹೇಬರಿಗೆ ಕೊಡಿ. ಪ್ರಮೋಷನ್ನೇ ಸಿಗುತ್ತೆ."

ಊಟದ ಮೇಜಿನ ಮೇಲೆ

ಸೂಕ್ಷ್ಮದರ್ಶಕ ಇಡಲು ನಮ್ಮ ಫ್ಲಾಟಿನಲ್ಲಿ ಊಟದ ಮೇಜು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಕಂಡದ್ದನ್ನು ಮೊದಲು ಗಟ್ಟಿಯಾಗಿ ಹೇಳಿಕೊಂಡು ಆಮೇಲೆ ಬರೆಯುವುದು ನನ್ನ ಅಭ್ಯಾಸ. ಎದುರಿಗೆ ನನ್ನ ಯಜಮಾನರು ಪೇಪರ್ ಓದುತ್ತಿದ್ದರು. ಅತ್ತೆ ಅಡುಗೆಮನೆಯಲ್ಲಿದ್ದರು.

"ಮೈ ಗಿಡ್ಡ, ಅಗಲ. ಬೆನ್ನು ಉಬ್ಬಿದೆ. ಕುತ್ತಿಗೆ ಇಲ್ಲವೆಂದೇ ಹೇಳಬೇಕು. ನೆತ್ತಿ ನುಣ್ಣಗೆ ಹೊಳೆಯುತ್ತೆ, ಅಲ್ಲೊಂದು ಇಲ್ಲೊಂದು ಕೂದಲು..."

ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. "ಏನೇ ಇದು? ಫೋಟೋ ನೋಡಿ ಒಪ್ಪಿಕೊಂಡೇ ತಾನೇ ಮದುವೆ ಆಗಿದ್ದು? ಈಗ ಅವನ ಎದುರಿಗೇ ಹೀಗೆಲ್ಲ ಅಂತೀಯಲ್ಲ!"

ಯಜಮಾನರು ಪೇಪರ್ ಕೆಳಗಿಳಿಸಿ ಹೇಳಿದರು: "ಕಾಲು ಎಷ್ಟು ಅಂತ ಬೇಗ ಹೇಳು ಮಾರಾಯ್ತಿ. ಅಮ್ಮನಿಗೆ ಸಮಾಧಾನ ಆಗಲಿ."

ಹಿತ್ತಲಲ್ಲಿ

ಗಂಡು ಹುಳಕ್ಕಾಗಿ ರಜೆ ಬಂದಾಗಲೆಲ್ಲ ಹೋಟೆಲಿನ ಹಿತ್ತಲಲ್ಲಿ ಬಿಳಿ ಬಟ್ಟೆ ಹಾಸಿ, ಜರಡಿ ಹಿಡಿದು ಕೂರುತ್ತಿದ್ದೆ. ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು, ಒಳ್ಳೆಯ ಮನುಷ್ಯ. ಅವರದು ಒಂದೇ ಬೇಡಿಕೆ: "ಗಿರಾಕಿಗಳ ಎದುರು ಹುಳ ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ." ಯಾರಾದರೂ ಕೇಳಿದರೆ, "ಮೇಡಂ ಪರೀಕ್ಷೆ ಮಾಡುವವರು" ಎಂದಷ್ಟೇ ಹೇಳುತ್ತಿದ್ದರು.

ಈ ಸುದ್ದಿ ರಸ್ತೆ ದಾಟಿ ಎದುರಿನ ಖಾನಾವಳಿಗೆ ಮುಟ್ಟಿತು. ಅದರ ಮಾಲೀಕರು ಧಾರವಾಡದ ಕಡೆಯವರು. ನನ್ನನ್ನು ಮುನ್ಸಿಪಾಲಿಟಿಯ ಇನ್ಸ್‌ಪೆಕ್ಟರ್ ಎಂದುಕೊಂಡು, ಬಿಸಿ ರೊಟ್ಟಿ, ಎಣ್ಣೆಗಾಯಿಯ ತಾಟು ಹಿಡಿದು ಓಡಿ ಬಂದರು. ನಾನು ಇನ್ಸ್‌ಪೆಕ್ಟರ್ ಅಲ್ಲ ಎಂದರೂ ಬಿಡಲಿಲ್ಲ.

"ನಮ್ಮಲ್ಲೂ ತಪಾಸ್ ಮಾಡ್ರಿ ಮೇಡಂ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ಉಣ್ರಿ. ಹೊಟ್ಟಿ ತುಂಬಿದವರಿಗೆ ಎಲ್ಲಾ ಸ್ವಚ್ಛನ ಕಾಣ್ತೈತ್ರಿ."

ಮೂಲ ಸ್ಥಳ

ಮುಂದಿನ ರಜೆಗೆ ಹೋದರೆ ರಾಶಿಯೇ ಇಲ್ಲ! ನೆಲದ ತುಂಬ ಫಿನೈಲ್ ವಾಸನೆ.

"ನೀವು ಆ ಗಲೀಜಿನಲ್ಲಿ ಕೂತುಕೊಳ್ಳುವುದು ನೋಡಿ ಬೇಜಾರಾಯ್ತು ಮೇಡಂ. ಎಲ್ಲ ಕ್ಲೀನ್ ಮಾಡಿಸಿದೆ," ಎಂದರು ಹೋಟೆಲಿನ ಯಜಮಾನರು, ಮುಖ ಅರಳಿಸಿಕೊಂಡು.

ನಾನು ಗಲ್ಲಾದ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟೆ. ಇಡ್ಲಿ ತಿನ್ನುತ್ತಿದ್ದವರೆಲ್ಲ ತಟ್ಟೆಯೊಳಗೆ ಏನಿದೆಯೋ ಎಂದು ಇಣುಕಿ ನೋಡತೊಡಗಿದರು. ಹೋಟೆಲಿನವರು ಗಾಬರಿಯಾಗಿ, ದನಿ ತಗ್ಗಿಸಿ, ಗದ್ದದಿಂದಲೇ ರಸ್ತೆಯಾಚೆ ತೋರಿಸಿದರು. ರಾಶಿಯನ್ನೆಲ್ಲ ಖಾನಾವಳಿಯ ಹಿಂದೆ ಸುರಿಸಿದ್ದರು!

ಓಡಿದೆ. "ದೇವರಾಣಿ, ಈ ಕಸ ನಮ್ದಲ್ರಿ ಮೇಡಂ!" ಎಂದು ಖಾನಾವಳಿಯವರು ಬೆವರು ಒರೆಸಿಕೊಳ್ಳುತ್ತಲೇ ಇದ್ದರು, ನಾನು ಜರಡಿ ಆಡಿಸುತ್ತಲೇ ಇದ್ದೆ. ಅಲ್ಲೇ ಸಿಕ್ಕಿತು ಗಂಡು! ಮನೆಗೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಜನನಾಂಗದ ತುದಿಯಲ್ಲಿ ಬೇರೆ ಯಾವ ಜಾತಿಗೂ ಇಲ್ಲದ ಪುಟ್ಟ ಕೊಕ್ಕೆ. ಹೊಸ ಜಾತಿಯೇ! ಸಂತೋಷಕ್ಕೆ ಅತ್ತೆಯನ್ನೇ ಹಿಡಿದು ಒಂದು ಸುತ್ತು ಕುಣಿಸಿದೆ.

ಹೊಸ ಜಾತಿಯನ್ನು ವರ್ಣಿಸುವಾಗ, ಮಾದರಿಯಾಗಿ ಆರಿಸಿದ ಹುಳ, ಅಂದರೆ ಇಲ್ಲಿ ಆ ಗಂಡು, ಸಿಕ್ಕ ಜಾಗವನ್ನೇ ಅದರ ಮೂಲ ಸ್ಥಳವೆಂದು ಬರೆಯಬೇಕು. ಹಾಗೆಂದಾಗ ಉಡುಪಿ ಹೋಟೆಲಿನವರಿಗೆ ಹಿಡಿಸಲಾರದಷ್ಟು ಖುಷಿ: "ಬರೀರಿ ಮೇಡಂ, ಹುಳ ಇದ್ದದ್ದು ಖಾನಾವಳಿಯಲ್ಲಿ ಅಂತ ದೊಡ್ಡದಾಗಿ ಬರೀರಿ!" ಬರೆದೆ.

ಲೇಖನ ಅಚ್ಚಾಯಿತು. ಮರಾಠಿ ಪತ್ರಿಕೆಯಲ್ಲೂ ಸಣ್ಣ ಸುದ್ದಿ ಬಂತು. ಮರುವಾರವೇ ಖಾನಾವಳಿಯ ಮೇಲೆ ಬೋರ್ಡು: "ಜಗತ್ತಿನಲ್ಲೇ ಮೊದಲ ಬಾರಿಗೆ ಸಿಕ್ಕಿದ್ದು ಇಲ್ಲಿಯೇ!" ಏನು ಸಿಕ್ಕಿತು ಎಂದು ಮಾತ್ರ ಬರೆದಿರಲಿಲ್ಲ. ರೊಟ್ಟಿಗೆ ಜನ ಸಾಲುಗಟ್ಟಿ ನಿಂತರು.

ಆ ಭಾನುವಾರ ಉಡುಪಿ ಹೋಟೆಲಿನವರು ಬಿಸಿ ಗೋಳಿಬಜೆಯ ಪೊಟ್ಟಣ ಹಿಡಿದು ನಮ್ಮ ಮನೆಗೇ ಬಂದರು.

"ಮೇಡಂ, ಅದನ್ನು ಸ್ವಲ್ಪ ತಿದ್ದಬೇಕಲ್ಲ. ಆ ಹುಳ ಹುಟ್ಟಿ ಬೆಳೆದದ್ದು ನಮ್ಮ ಹಿತ್ತಲಲ್ಲಿ. ಅಲ್ಲಿಗೆ ಹೋಗಿ ಇನ್ನೂ ಸರಿಯಾಗಿ ಕೂತೂ ಇರಲಿಲ್ಲ."

"ಸಿಕ್ಕಿದ್ದು ಅಲ್ಲಿ ತಾನೇ?" ಎಂದೆ.

"ಅದೆಂತ ನ್ಯಾಯ ಮಾರಾಯ್ರೆ? ನಾನು ಇಷ್ಟು ವರ್ಷದಿಂದ ಡೊಂಬಿವಲಿಯಲ್ಲೇ ಸಿಗುವುದು. ಹಾಗಂತ ನನ್ನ ನೇಟಿವ್ ಪ್ಲೇಸ್ ಕುಂದಾಪುರ ಅಲ್ಲವಾ?"