ಕೆಂಚನಿಗೆ ಕೂತ ರವಿಕೆ

ಸೋತವಳು ನಾನು. ಈಗ ಯಜಮಾನರೂ ಇಲ್ಲ, ಕೆಂಚ ನಾಯಿಯೂ ಇಲ್ಲ. ಗೆದ್ದೆ ಅಂದರೂ ಅಲ್ಲ ಅನ್ನುವವರಿಲ್ಲ. ಆದರೆ ಸೋತದ್ದು ಸೋತದ್ದೇ.

ಊರಿಗೊಂದೇ ಬಣ್ಣದ ಟಿವಿ ಇದ್ದ ಕಾಲ. ಸಂತೆಬಾಚಹಳ್ಳಿ ಪಕ್ಕದ ನಮ್ಮ ಗದ್ದೆಗೆ ಬೆಳಗಿನ ಬುತ್ತಿ ಹೊರುವುದು ನನ್ನ ಕೆಲಸ. ದಾರಿಯಲ್ಲಿ ನಾಲ್ಕು ಮನೆ, ನಾಲ್ಕು ಮಾತು, ತಡವಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಒಂದು ದಿನ ಕಬ್ಬು ಕಡಿಯುವ ಆಳುಗಳ ಎದುರಿಗೇ ಯಜಮಾನರು, "ನೀನು ಬರೋದ್ರೊಳಗೆ ಮುದ್ದೆ ಕಲ್ಲಾಯ್ತದೆ. ನಾಯಿ ಕೈಲಿ ಕಳ್ಸುದ್ರೆ ಬಿಸಿಯಾಗಾದ್ರೂ ಬತ್ತದೆ ಕಣೆ" ಅಂದುಬಿಟ್ಟರು. ಆಳುಗಳು ನಕ್ಕರು. ನೀವಾಗಿ ಕರೆಯುವ ತನಕ ಈ ಗದ್ದೆಗೆ ಕಾಲಿಡುವುದಿಲ್ಲ ಅಂತ ಹೇಳಿ ಬಂದೆ. ಹಾಗಂತ ಉಪವಾಸ ಕೆಡವಲಾದೀತೇ? ನಾಯಿ ಅಂದಿದ್ದರಲ್ಲ, ನಾಯಿಯನ್ನೇ ಕಳಿಸೋಣ ಅಂತ ಕೂತೆ.

ಅದರ ಬೆನ್ನಿಗೊಂದು ಚೀಲ ಹೊಲಿಯುವುದು ಯಾವ ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ಗೊಬ್ಬರದ ಚೀಲ ಕತ್ತರಿಸಿ ಎರಡು ಕಡೆ ಇಳಿಬಿಟ್ಟರೆ, ಕೆಂಚ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅದು ಹೊಟ್ಟೆಯ ಕೆಳಗೆ ತೂಗಾಡಿತು. ಬಿಗಿದು ಕಟ್ಟಿದರೆ ಕಂಕುಳು ಕೆಂಪಾಯಿತು. ಮಗಳ ಸ್ಕೂಲ್ ಬ್ಯಾಗು ಹಾಕಿದೆ. ಅವನು ಮೂಸಿ ನೋಡಲು ತಲೆ ಬಗ್ಗಿಸಿದ, ಬ್ಯಾಗು ಕತ್ತಿಗೆ ಬಂತು. ಎದೆ ಹಿಡಿಯಬೇಕು, ತೋಳು ಬಿಡಬೇಕು ಅಂತ ಯೋಚಿಸುತ್ತಿದ್ದವಳಿಗೆ ತಂತಿಯ ಮೇಲಿದ್ದ ನನ್ನ ಹಸಿರು ರವಿಕೆ ಕಂಡಿತು. ತೋಳಿನಲ್ಲಿ ಮುಂಗಾಲು ತೂರಿಸಿ, ಕೊಕ್ಕೆಗಳನ್ನು ಬೆನ್ನ ಮೇಲೆ ಹಾಕಿದೆ. ಎರಡು ಬೆರಳು ಆಡುವಷ್ಟು ಸಡಿಲ. ನನಗೇ ಅದು ಅಷ್ಟು ಚೆನ್ನಾಗಿ ಕೂತಿರಲಿಲ್ಲ. ಪಕ್ಕೆಗೊಂದರಂತೆ ಜೇಬು ಹೊಲಿದು, ಒಂದರಲ್ಲಿ ಮುದ್ದೆ ಡಬ್ಬಿ, ಇನ್ನೊಂದರಲ್ಲಿ ಅಷ್ಟೇ ತೂಕದ ಸಾರಿನ ಡಬ್ಬಿ ಇಟ್ಟೆ. ದಿನವೂ ನನ್ನ ಹಿಂದೆ ಬಂದು ಗದ್ದೆಯ ದಾರಿ ಬಲ್ಲ ಕೆಂಚ ನೆಟ್ಟಗೆ ಹೋದ, ಖಾಲಿ ಡಬ್ಬಿ ಹೊತ್ತು ನೆಟ್ಟಗೆ ಬಂದ.

ಮೂರು ದಿನ ಕಾದೆ, ಕರೆ ಬರಲಿಲ್ಲ. ನಾಲ್ಕನೆಯ ಸಂಜೆ ಯಜಮಾನರು ಕಾಲು ತೊಳೆಯುತ್ತಾ ತಾವಾಗಿಯೇ ಮಾತಾಡಿದರು. ಕೆಂಚನನ್ನು ಕಂಡರೆ ಆಳುಗಳು, "ಗೌಡ್ರೆ, ಅಮ್ಮಾರು ಬಂದವ್ರೆ" ಅಂತ ಕೂಗುತ್ತಾರಂತೆ.

"ನೀನು ಬರಬ್ಯಾಡ ಬುಡು" ಅಂದರು. "ಈ ಎಂಡ್ತಿನೇ ವಾಸಿ. ಸಾರಿಗೆ ಉಪ್ಪಿಲ್ಲ ಅಂದ್ರೂ ಬಾಲ ಆಡುಸ್ತದೆ."

ಮಾರನೆಯ ಬೆಳಿಗ್ಗೆ ಜೇಬು ಬಿಚ್ಚಿ, ರವಿಕೆ ಕೊಡವಿ ನಾನೇ ತೊಟ್ಟೆ. ಬುತ್ತಿ ತಲೆಯ ಮೇಲಿಟ್ಟುಕೊಂಡು, ಯಾರ ಮನೆ ಮುಂದೆಯೂ ನಿಲ್ಲದೆ, ಕರೆಯದಿದ್ದರೂ ಗದ್ದೆಗೆ ಹೋದೆ. ದಾರಿಯುದ್ದಕ್ಕೂ ಕೆಂಚನ ಕೂದಲು ಚುಚ್ಚುತ್ತಿತ್ತು.