ಕಮರದ ಮಣೆ

ಪಾಲಾಕ್ಷ ಮಣೆಯನ್ನು ಒಳಗೇ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಎಣ್ಣೆ ಆರಲೆಂದು ಬೆಳಿಗ್ಗೆ ಕಟ್ಟೆಯ ಮೇಲಿಟ್ಟ.

ಕೂಡ್ಲಿಗಿಯ ಮಾವ ಉಚ್ಚಂಗೆಪ್ಪ ಗಟ್ಟಿತನಕ್ಕೆ ಹೆಸರಾದ ಕಮರ ಮರದ ಹಳೆಯ ಕಂಬದಿಂದ ಕೊಯ್ಸಿಕೊಟ್ಟ ಹಲಗೆ ಅದು. "ಮಣಿ ಮಾಡು. ಬಂದಾಗ ಅದರ ಮ್ಯಾಲೇ ಕುಂತು ಉಣ್ತೀನಿ" ಅಂದಿದ್ದ. ತಂಬ್ರಹಳ್ಳಿಯಲ್ಲಿ ನಲ್ಲಿ ನೀರು ಬಿಡುವ ಪಾಲಾಕ್ಷ, ಇದ್ದ ಉಳಿಗಳನ್ನೆಲ್ಲ ಮೊಂಡು ಮಾಡಿ ಅಂಚಿಗೆ ಬಳ್ಳಿ ಕೆತ್ತಿದ್ದ. ಉಜ್ಜಿದಷ್ಟೂ ಕೆಂಪುಗಪ್ಪು ಮೈಯೊಳಗಿಂದ ನೇರಳೆ ಗೆರೆ ಏಳುತ್ತಿದ್ದವು. ಮಾವ ಸಂಜೆ ಊಟಕ್ಕೆ ಬರುವವನಿದ್ದ.

ಎದುರುಮನೆಯ ಗೀತಮ್ಮ ಉಗುರಿನಿಂದ ಕೆರೆದಳು. "ಬಣ್ಣ ಹಚ್ಚಿದ ಜಾಲಿ ಇದ್ದಂಗೈತಿ. ನಿಮ್ಮ ಮಾವ ಟೋಪಿ ಹಾಕ್ಯಾನ."

"ಕಮರ ರೀ! ಎತ್ತಿ ನೋಡ್ರಿ."

ಎತ್ತಿದಳು. "ಯವ್ವಾ, ತುಂಬಿದ ಸಿಲಿಂಡರ್ ಇದ್ದಂಗೈತಲ್ಲೋ!"

ಸೈಕಲ್ ಅಂಗಡಿಯ ಮಂಜಣ್ಣ ಮೊಳೆ ತಂದು ಮಣೆಯ ಅಡಿಗೆ ಹೊಡೆದ. ಮೊಳೆ ಮಾಸ್ತರ ಮುಂದೆ ನಿಂತ ಹುಡುಗನಂತೆ ಬಾಗಿತು.

"ಮೊಳೀನೇ ಲಡ್ಡ್ ಇರಬೇಕು" ಎಂದಳು ಗೀತಮ್ಮ.

ಓಣಿಯ ಹಿರಿಯ ಶಿವಯೋಗಪ್ಪ ಕೆಮ್ಮಿದ. "ಖರೇ ಕಮರ ನೀರಾಗ ಮುಳುಗ್ತೈತಿ. ಜಾಲಿ ತೇಲ್ತೈತಿ."

"ರೀ, ಮಣಿ ಒಳಗ ತರ್ರಿ!" ಹೆಂಡತಿ ಭೂಮಿಕಾ ಬಾಗಿಲಿಂದಲೇ ಕೂಗಿದಳು. ಆದರೆ ಅಷ್ಟರಲ್ಲಿ ಪಾಲಾಕ್ಷನಿಗೇ ನೋಡಬೇಕೆನಿಸಿತ್ತು.

ಬಕೇಟಿನಲ್ಲಿ ಮಣೆ ಹಿಡಿಯಲಿಲ್ಲ. ಓಣಿಯ ಬಾವಿಗೆ ಹೋದರು. ಮಂಜಣ್ಣ ಹಗ್ಗ ಕಟ್ಟಿ ಇಳಿಬಿಟ್ಟ. ಎಣ್ಣೆ ಕುಡಿದ ಮಣೆ ಗಂಟಿನಿಂದ ನುಣುಚಿತು.

ಬುಳುಕ್.

ಎಲ್ಲರೂ ಬಗ್ಗಿದರು. ನಾಲ್ಕು ಗುಳ್ಳೆ ಬಂದವು, ಮಣೆ ಬರಲಿಲ್ಲ.

"ಖರೇ ಕಮರ!" ಗೀತಮ್ಮ ಚಪ್ಪಾಳೆ ತಟ್ಟಿದಳು. "ನಿಮ್ಮ ಮಾವ ಬಾಳ ಛಲೋ ಮನಶಾ!" ಮಂಜಣ್ಣ ಕೈಕುಲುಕಿದ. ಪಾಲಾಕ್ಷನೂ ನಕ್ಕ. ನಗು ಅರ್ಧಕ್ಕೆ ಬಂದಾಗ ಮಾವ ಕೂರುವುದು ಎಲ್ಲಿ ಎಂಬುದು ನೆನಪಾಯಿತು.

ಬಿದ್ದ ಕೊಡ ತೆಗೆಯುವ ರಾಮಾಂಜಿನಿಯನ್ನು ಕರೆಸಿದರು. ಅವನು ಮುಳುಗಿ ಮುಳುಗಿ ಒಂದು ಮಣೆ ಮೇಲೆ ತಂದ. ಮೈತುಂಬ ಪಾಚಿ, ಅಂಚಿನಲ್ಲಿ ಬಳ್ಳಿಯಿಲ್ಲ.

"ಇದು ನಂದಲ್ಲಲೇ!"

"ಕೆಳಗ ಇನ್ನೂ ಅದಾವಣ್ಣ. ಒನಕಿ ಐತಿ, ತೊಟ್ಟಿಲ ಕಾಲೈತಿ. ನಿಂದು ಕೆಸರಾಗ ಹೋಗೈತಿ, ಕೈಗೆ ಸಿಗವಲ್ದು."

ಶಿವಯೋಗಪ್ಪ ಪಾಚಿಯ ಮಣೆಯನ್ನು ಎದೆಗೆ ಅಪ್ಪಿಕೊಂಡ. "ನಮ್ಮಪ್ಪಂದು! ಕಮರ ಹೌದೋ ಅಲ್ಲೋ ಅಂತ ಇಲ್ಲೇ ಬಿಟ್ಟು ನೋಡಿದ್ದ."

"ಮೊದಲ ಹೇಳಬಾರದೇನು ಯಜ್ಜಾ?"

"ನಿಂದು ಕಮರ ಅಂತ ನನಗೇನು ಗೊತ್ತು? ಜಾಲಿ ಆಗಿದ್ರ ತೇಲ್ತಿತ್ತು."

ಪಾಲಾಕ್ಷ ಕೈಕಾಲು ಹಿಡಿದ ಮೇಲೆ ಮುದುಕ ಸಂಜೆಯ ಮಟ್ಟಿಗೆ ಮಣೆಯನ್ನು ಎರವಲು ಕೊಟ್ಟ. ಭೂಮಿಕಾ ಪಾಚಿ ತಿಕ್ಕಿ ಎಣ್ಣೆ ಹಚ್ಚಿದಳು. ಕಾವಲಿಗೆಂದು ಶಿವಯೋಗಪ್ಪ ಬಾಗಿಲಲ್ಲೇ ಕುಳಿತ.

ಉಚ್ಚಂಗೆಪ್ಪ ಬಂದ. ಕೂರುವ ಮೊದಲು ಮಣೆಯನ್ನು ಎತ್ತಿದ, ಮಗುಚಿದ, ಮೂಸಿದ.

"ಯಾಕೋ ನಾ ಕೊಟ್ಟ ಕಮರ ಅನ್ಸವಲ್ದು" ಎಂದ. "ಅಳಿಯಂದ್ರ, ನಿಮ್ಮ ಓಣ್ಯಾಗ ಬಾವಿ ಎಲ್ಲೈತಿ?"